ಬಿಗಿದ ಕತ್ತಿನ ಮೂಲ

ಹಟಮಾರಿಗಳಿಗೆ ತಾವು ಹಟಮಾರಿಗಳೆಂದು ಗೊತ್ತಿರುವುದಿಲ್ಲ, ತತ್ತ್ವನಿಷ್ಠರೆಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ತುರುವೇಕೆರೆ ಕಡೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ, ನನ್ನ ಪೀರಿಯಡ್ ಬದಲಿಸಿಕೊಳ್ಳಲು ಒಪ್ಪದ್ದಕ್ಕೆ ಹೆಡ್‌ಮಾಸ್ಟರು ಎಲ್ಲರೆದುರು ನನ್ನನ್ನು ‘ಸ್ಟಿಫ್-ನೆಕ್ಡ್’ ಎಂದರು. ಬಿಗಿ, ಕತ್ತು ಎರಡನ್ನೂ ಗಂಟುಹಾಕಿದ ಸಮಾಸ. ಅರ್ಥ ಗೊತ್ತಿತ್ತು: ಮಹಾ ಮೊಂಡ. ಆದರೆ ಮೊಂಡುತನ ತಲೆಯಲ್ಲಿರಬೇಕಲ್ಲ, ಕತ್ತಿಗೆ ಯಾಕೆ ಇಳಿಯಿತು? ಇದರ ಮೂಲ ಪತ್ತೆ ಮಾಡದೆ ಬಿಡುವುದಿಲ್ಲವೆಂದು ಲೈಬ್ರರಿಯ ದಪ್ಪ ನಿಘಂಟನ್ನು ಹೊತ್ತು ಮನೆಗೆ ಬಂದೆ.

ಮನೆಯಲ್ಲಿ ಬೇರೊಂದು ಜಗಳ ಹೊಗೆಯಾಡುತ್ತಿತ್ತು. ಗೌರಿಹಬ್ಬಕ್ಕೆ ಬನ್ನಿ ಎಂದು ದಬ್ಬೇಘಟ್ಟದ ಮಾವನವರು ಬಸ್ ಕಂಡಕ್ಟರನ ಕೈಲಿ ಹೇಳಿಕಳಿಸಿದ್ದರು. ನಮ್ಮ ಕಡೆ ಎಳನೀರು, ಬಾಳೆಗೊನೆ, ಸಾವಿನ ಸುದ್ದಿ ಎಲ್ಲವೂ ಕಂಡಕ್ಟರನ ಕೈಲೇ ಓಡಾಡುತ್ತವೆ, ನಿಜ. ಆದರೆ ಅಳಿಯನನ್ನು ಕರೆಯಲು ಎಲೆ ಅಡಿಕೆ, ಕೊಬ್ಬರಿ ಗಿಟುಕು ಹಿಡಿದು ಖುದ್ದಾಗಿ ಬರಬೇಡವೇ? ಹೋಗಕೂಡದೆಂದು ತೀರ್ಮಾನಿಸಿದೆ. ಹೋದ ವರ್ಷವೂ ಇದೇ ಆಗಿ ನನ್ನ ಹೆಂಡತಿ ಗಿರಿಜ ತವರಿನ ಬಾಗಿನವಿಲ್ಲದೆ ಹಬ್ಬ ಕಳೆದಿದ್ದಳು. ಈ ಸಲವೂ ತಪ್ಪಿದರೆ ಅವಳು ತಡೆದುಕೊಳ್ಳುವುದಿಲ್ಲವೆಂದು ನನಗೂ ಗೊತ್ತಿತ್ತು.

ನಿಘಂಟು ಬಿಡಿಸಿದೆ. ಈ ಮಾತು ಯೆಹೂದಿಗಳ ಧರ್ಮಗ್ರಂಥದಿಂದ ಇಂಗ್ಲಿಷಿಗೆ ಬಂದದ್ದಂತೆ. ಅದಕ್ಕೂ ಮೊದಲು ಹೊಲದ್ದಂತೆ. ಉಳುವವನು ಎಷ್ಟು ತಿವಿದರೂ ಕತ್ತು ಬಿಗಿಹಿಡಿದು, ಹೇಳಿದ ಕಡೆ ತಿರುಗದ ಎತ್ತಿನ ವರ್ಣನೆಯಂತೆ. ಹೆಡ್‌ಮಾಸ್ಟರು ಎತ್ತು ಅಂದರಲ್ಲ ಎಂಬ ಸಿಟ್ಟಿಗಿಂತ ಮೂಲ ಸಿಕ್ಕಿದ ಖುಷಿಯೇ ಹೆಚ್ಚಾಗಿ, ಅಡುಗೆಮನೆಗೆ ಹೋಗಿ ಗಿರಿಜಳಿಗೆ ಪಾಠ ಮಾಡಿದೆ. ಅವಳು ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡಳು.

“ನಮ್ಮಪ್ಪ ಅಂಥ ಎತ್ತನ್ನ ತಿವಿಯಾಕೆ ಹೋಗಲ್ಲ ಕಣ್ರೀ. ಜೊತೆ ಎತ್ತನ್ನ ಮುಂದೆ ಹೊಡ್ಕಂಡು ಹೋಗ್ತಾರೆ. ಇದೊಂದೇ ಎಷ್ಟೊತ್ತು ನಿಂತಿರತ್ತೆ?” ಎಂದಳು.

ಹಬ್ಬದ ಬೆಳಗ್ಗೆ ಅವಳು ಮೊದಲ ಬಸ್ಸಿಗೆ ಹೊರಟೇಬಿಟ್ಟಳು. ನಾನು ಅಡ್ಡ ಬರಲಿಲ್ಲ, ಜೊತೆಗೂ ಹೋಗಲಿಲ್ಲ. ಜಪ್ಪಯ್ಯ ಎಂದರೂ ಏಳುವುದಿಲ್ಲವೆಂದು ಕೂತೆ. ಕಾಫಿ ಮಾಡಿಕೊಳ್ಳಲು ಹೋದರೆ ಹಾಲು ಉಕ್ಕಿ ಸ್ಟೌ ಆರಿತು. ಮನೆ ಬಿಕೋ ಎಂದಿತು. ಅವಳಿಲ್ಲದ ಹಬ್ಬ ನನಗೆ ಬೇಡವಾಗಿತ್ತು. ಕೊನೆಗೆ, ಅವಳನ್ನು ಕರೆತರಲು ಮಾತ್ರ ಹೋಗುವುದು, ಊಟಕ್ಕಲ್ಲ ಎಂದು ಹೊಸ ತತ್ತ್ವವೊಂದನ್ನು ಮಾಡಿಕೊಂಡು ಮುಂದಿನ ಬಸ್ಸು ಹತ್ತಿದೆ.

ದಬ್ಬೇಘಟ್ಟದಲ್ಲಿ ಇಳಿದರೆ ಮಾವನವರು ಕೊಡೆ ಹಿಡಿದು ನಿಂತಿದ್ದರು.

“ಬನ್ನಿ ಅಳಿಯಂದ್ರೇ, ಎಲೆ ಹಾಕವ್ರೆ. ಎರಡನೇ ಬಸ್ಸಿಗೆ ಬತ್ತಾರೆ ಅಂತ ಮಗಳು ಹೇಳಿದ್ಲು” ಎಂದರು.

ಹೆಡ್‌ಮಾಸ್ಟರು ನನ್ನನ್ನು ಬಿಗಿಕತ್ತಿನವನೆಂದು ಎಷ್ಟು ಅತಿಯಾಗಿ ಹೊಗಳಿದ್ದರೆಂದು ಆಗ ತಿಳಿಯಿತು.