ಗರುಡಸೇನನ ತೊಟ್ಟಿಲು

ಶಿವಪ್ರಕಾಶನ ಗ್ರಹಚಾರ ಕೆಟ್ಟದ್ದು ಒಂದು ವಾಟ್ಸಾಪ್ ಮೆಸೇಜಿನಿಂದ. ಅದರಲ್ಲಿ ಇದ್ದದ್ದು ‘ತೊಟ್ಟಿಲು ಇದೆಯಾ?’ ಅಂತ ಇಷ್ಟೇ. ಕಳಿಸಬೇಕಾಗಿದ್ದದ್ದು ಯಲಹಂಕ ನ್ಯೂ ಟೌನಿನ ಶಶಿರೇಖಾ ಎಂಬ ಹೆಂಗಸೊಬ್ಬರಿಗೆ. ಹೋಗಿ ಬಿದ್ದದ್ದು ಹಳೇ ಸಾಮಾನು ಕೊಳ್ಳುವ ಮಾರುವ ಏರಿಯಾ ಗ್ರೂಪಿಗೆ. ಆ ಗ್ರೂಪಿನಲ್ಲಿ ಎದುರುಮನೆಯ ದ್ರೌಪದಮ್ಮನವರೂ ಇದ್ದರು, ಓದಿಯೂ ಬಿಟ್ಟರು.

ಗಾಬರಿಯಲ್ಲಿ ತಕ್ಷಣ ಅಳಿಸಿಹಾಕಿದ. ಅದು ಇನ್ನೂ ದೊಡ್ಡ ತಪ್ಪು. ಇಟ್ಟಿದ್ದರೆ ಯಾರಿಗೋ ಬೇಕಿರಬಹುದು ಅಂದುಕೊಂಡು ಸುಮ್ಮನಾಗುತ್ತಿದ್ದರೇನೋ. ಅಳಿಸಿದ ಮೇಲೆ ಯಾರು ಸುಮ್ಮನಿರುತ್ತಾರೆ? ದ್ರೌಪದಮ್ಮನವರಂತೂ ಆ ರಾತ್ರಿ ಊಟವನ್ನೂ ನೆಟ್ಟಗೆ ಮಾಡಲಿಲ್ಲ. ಮಗಳು ಪಿಯುಸಿ ಓದುತ್ತಿರುವ ಶಿವಪ್ರಕಾಶನ ಮನೆಗೆ ತೊಟ್ಟಿಲು ಯಾಕೆ? ಯಾಕೆ ಕೇಳಬೇಕು, ಕೇಳಿ ಯಾಕೆ ಅಳಿಸಬೇಕು?

ನಿಜ ಸಂಗತಿ ಏನೆಂದರೆ ಶಿವಪ್ರಕಾಶನಿಗೆ ತೊಟ್ಟಿಲು ಬೇಕಾಗಿರಲೇ ಇಲ್ಲ. ಅವನಿಗೆ ಬೇಕಾಗಿದ್ದದ್ದು ಗರುಡಸೇನ.

ಗರುಡಸೇನ ಅಂದರೆ ಬೆನ್ನಿಗೆ ಎರಡು ರೆಕ್ಕೆ ಕಟ್ಟಿಕೊಂಡು ದುಷ್ಟರನ್ನು ಚಚ್ಚುತ್ತಿದ್ದ ಹಳೇ ಕಾಮಿಕ್ಸ್ ಪುಸ್ತಕದ ವೀರ. ಶಿವಪ್ರಕಾಶ ಗದಗಿನಲ್ಲಿ ಹೈಸ್ಕೂಲಿನಲ್ಲಿದ್ದಾಗ ಬಸ್‌ಸ್ಟ್ಯಾಂಡಿನ ಅಂಗಡಿಗೆ ತಿಂಗಳಿಗೊಂದು ಸಂಚಿಕೆ ಬರುತ್ತಿತ್ತು. ಹನ್ನೊಂದನೆಯದರಲ್ಲಿ ಗರುಡಸೇನನ ರೆಕ್ಕೆ ಕತ್ತರಿಸಿ, ಹಾವು ತುಂಬಿದ ಬಾವಿಗೆ ಎಸೆದು, ಬಾವಿಯ ಬಾಯಿಗೆ ಬಂಡೆ ಮುಚ್ಚಿದರು. ಹನ್ನೆರಡನೆಯದು ಗದಗಿಗೆ ಬರಲೇ ಇಲ್ಲ. ಹುಡುಗ ತಿಂಗಳಾನುಗಟ್ಟಲೆ ಬಸ್‌ಸ್ಟ್ಯಾಂಡಿಗೆ ಅಲೆದ. ಆಮೇಲೆ ಕಾಲೇಜು, ಪೀಣ್ಯದ ಕಾರ್ಖಾನೆಯಲ್ಲಿ ಸ್ಟೋರ್ಸ್ ಕೆಲಸ, ಮದುವೆ, ವಿದ್ಯಾರಣ್ಯಪುರದಲ್ಲಿ ಮನೆ, ಸಕ್ಕರೆ ಕಾಯಿಲೆ, ಎಲ್ಲಾ ಬಂತು. ಗರುಡಸೇನ ಮಾತ್ರ ಇನ್ನೂ ಬಾವಿಯಲ್ಲೇ ಇದ್ದ. ಅವನು ಹೇಗೆ ಹೊರಗೆ ಬಂದ ಅಂತ ತಿಳಿಯದೆ ಸತ್ತರೆ ತನ್ನ ಆತ್ಮಕ್ಕೆ ಶಾಂತಿ ಸಿಗಲಿಕ್ಕಿಲ್ಲ ಅಂತ ಶಿವಪ್ರಕಾಶನಿಗೆ ನಿಜವಾಗಿಯೂ ಭಯವಿತ್ತು.

ಹೆಂಡತಿ ಭಾಗ್ಯಶ್ರೀಗೆ ಹೇಳುವ ಹಾಗಿರಲಿಲ್ಲ. ಹೋದ ವರ್ಷ ಅವನ ಹಳೇ ಕಾಮಿಕ್ಸ್ ಗಂಟಿನಿಂದ ಗೆದ್ದಲು ಹೊರಟು, ಪಕ್ಕದ ಟ್ರಂಕಿನಲ್ಲಿದ್ದ ಆಕೆಯ ಮದುವೆ ಸೀರೆಯನ್ನು ಸೆರಗಿನಿಂದ ಶುರುಮಾಡಿ ಅರ್ಧ ಮುಗಿಸಿತ್ತು. ‘ಇನ್ನೊಂದು ಹಳೇ ಪುಸ್ತಕ ಹೊಸ್ತಿಲ ದಾಟಿ ಒಳಗ ಬಂತಂದ್ರ, ನಾ ದಾಟಿ ಹೊರಗ ಹೋಗ್ತೀನಿ’ ಅಂತ ಆಕೆ ಹೇಳಿದ್ದಳು. ಭಾಗ್ಯಶ್ರೀ ಹೇಳಿದ್ದನ್ನು ಮಾಡದೆ ಬಿಡುವ ಪೈಕಿ ಅಲ್ಲ.

ಹಾಗಿರುವಾಗ ಶನಿವಾರ ಸಂಜೆ ಶಶಿರೇಖಾ ಗ್ರೂಪಿಗೆ ಫೋಟೋ ಹಾಕಿದರು. ಮನೆ ಖಾಲಿ ಮಾಡುತ್ತಿದ್ದೇವೆ, ಭಾನುವಾರ ಬನ್ನಿ ಅಂತ ವಿಳಾಸ, ನಂಬರು. ಕುಕ್ಕರ್, ಮಂಚ, ಒಂದು ಮರದ ತೊಟ್ಟಿಲು. ತೊಟ್ಟಿಲಿನ ತಳಕ್ಕೆ ಹಳೇ ಪುಸ್ತಕ, ಪೇಪರು ಹಾಸಿದ್ದರು. ಶಿವಪ್ರಕಾಶ ಫೋಟೋವನ್ನು ಹಿಗ್ಗಿಸಿದ. ಮೂಲೆಯಲ್ಲಿ ಹಳದಿ ಬಣ್ಣ, ಅದರ ಮೇಲೆ ಕತ್ತರಿಸಿದ ರೆಕ್ಕೆ, ಪಕ್ಕದಲ್ಲಿ ದಪ್ಪಗೆ 12! ಕುಳಿತಲ್ಲೇ ಬೆವೆತುಹೋದ.

ನೇರವಾಗಿ ‘ಆ ಪುಸ್ತಕ ಕೊಡ್ತೀರಾ’ ಅಂತ ಕೇಳಬಹುದಿತ್ತಲ್ಲ ಅಂತೀರಾ? ಹಾಗೆ ಕೇಳುವವರು ಈ ಕಸುಬಿಗೆ ಬಂದವರಲ್ಲ. ಹಳೇ ಕಾಮಿಕ್ಸ್ ಹುಡುಕುವವರಲ್ಲಿ ಒಂದು ರಿವಾಜು ಇದೆ. ಬೇಕಾದ್ದರ ಕಡೆ ತಿರುಗಿಯೂ ನೋಡಬಾರದು. ಬೇಡದ್ದನ್ನು ಎತ್ತಿ, ತಟ್ಟಿ, ಚೌಕಾಸಿ ಮಾಡಿ, ಕೊನೆಗೆ ಹೋಗುವಾಗ ‘ಇದೊಂದು ಕಸ, ಇರ್ಲಿ ಬಿಡಿ’ ಅಂತ ಬೇಕಾದ್ದನ್ನು ಮೇಲೆ ಹಾಕಿಸಿಕೊಳ್ಳಬೇಕು. ಬೇಕು ಅಂತ ಗೊತ್ತಾದರೆ ಮಾರುವವರು ಹಿಡಿದಿಡುತ್ತಾರೆ, ಪಕ್ಕದವನು ಕಿತ್ತುಕೊಳ್ಳುತ್ತಾನೆ. ಆ ಪಕ್ಕದವನ ಹೆಸರು ಬಾಲರಾಜ್. ಆರ್.ಟಿ. ನಗರದವನು. ಯಾವ ಸಂತೆಗೆ ಹೋದರೂ ಶಿವಪ್ರಕಾಶನಿಗಿಂತ ಮೊದಲೇ ಅಲ್ಲಿರುತ್ತಿದ್ದ. ಅವನೂ ಆ ಗ್ರೂಪಿನಲ್ಲಿದ್ದ.

ಭಾನುವಾರ ಬೆಳಿಗ್ಗೆ ಶಿವಪ್ರಕಾಶ ಮಾಸ್ಕು, ಟೋಪಿ ಹಾಕಿಕೊಂಡು ಹೊರಟ.

‘ಎಲ್ಲಿಗ್ ಹೊಂಟ್ರಿ?’ ಅಂದಳು ಭಾಗ್ಯಶ್ರೀ.

‘ಫ್ಯಾಕ್ಟರಿಗೆ. ಸ್ಟಾಕ್ ಚೆಕಿಂಗ್ ಐತಿ.’

‘ಆಯಿತವಾರ?’

‘ಆಡಿಟ್ ಬರಾಕತ್ತೈತಿ ಭಾಗ್ಯಾ.’

ಗೇಟಿನಲ್ಲಿ ದ್ರೌಪದಮ್ಮನ ಗಂಡ ಮುನಿಆಂಜಿನಪ್ಪ ಹಲ್ಲುಜ್ಜುತ್ತಾ ನಿಂತಿದ್ದರು. ಈ ಬಡಾವಣೆ ಹೊಲವಾಗಿದ್ದ ಕಾಲದಿಂದಲೂ ಇಲ್ಲಿದ್ದವರು. ಬಾಯಲ್ಲಿದ್ದ ನೊರೆಯನ್ನು ಉಗಿದು, ‘ಏನ್ ಸ್ವಾಮಿ, ಮಕ ಮುಚ್ಕಂಡು ಬೆಳಬೆಳಿಗ್ಗೆನೇ ಒಂಟ್ರಿ? ಪೀಣ್ಯದ ಬಸ್ಸು ಆ ಕಡೆ ಬತ್ತದೆ, ನೀವು ಈ ಕಡೆ ಓಯ್ತಾ ಇದ್ದೀರಿ’ ಅಂದರು. ಶಿವಪ್ರಕಾಶ ಕೇಳಿಸದವನ ಹಾಗೆ ಯಲಹಂಕದ ಬಸ್ಸಿನ ಕಡೆಗೆ ಓಡಿದ. ಬ್ರಷ್ಷು ಬಾಯಿಗೆ ವಾಪಸು ಹೋಗುವ ಬದಲು ಮುನಿಆಂಜಿನಪ್ಪನವರ ಜೊತೆ ಒಳಗೆ ಹೆಂಡತಿಯ ಬಳಿ ಹೋಯಿತು.

ಬಸ್ಸಿನಲ್ಲಿ ಅವನಿಗೆ ಎಲ್ಲರ ಮೇಲೂ ಅನುಮಾನ. ಖಾಲಿ ಚೀಲ ಹಿಡಿದಿದ್ದ ಮುದುಕ ಕಾಮಿಕ್ಸ್ ತರಲಿಕ್ಕೇ ಹೊರಟವನ ಹಾಗೆ ಕಂಡ. ಯಲಹಂಕದಲ್ಲಿ ಆ ಮುದುಕ ಇಳಿದು ಸೊಪ್ಪಿನ ಗಾಡಿ ಹತ್ತಿರ ನಿಂತಾಗಲೂ ಇದು ನಾಟಕವೇ ಇರಬೇಕು ಅಂತ ಎರಡು ಸಲ ತಿರುಗಿ ನೋಡಿದ.

ಶಶಿರೇಖಾ ಅವರ ಮನೆಯ ಜಗುಲಿಯಲ್ಲಿ ಸಾಮಾನು ಹರಡಿತ್ತು. ಕುಕ್ಕರ್ ಎತ್ತಿ ಹಿಡಿದು ಅದರ ತಳವನ್ನು ಬೆರಳಿನಿಂದ ತಟ್ಟುತ್ತಿದ್ದವನು ಬಾಲರಾಜ್!

‘ಏನ್ ಗುರು, ಈ ಕಡೆ?’ ಅಂದ ಬಾಲರಾಜ್, ಕುಕ್ಕರಿನಿಂದ ಕಣ್ಣು ತೆಗೆಯದೆ.

‘ಹಿಂಗ ಬಂದಿದ್ದೆ. ನೀವು?’

‘ಕುಕ್ಕರ್ ಬೇಕಾಗಿತ್ತು.’

ಹೆಂಡತಿಯಿಲ್ಲದ, ಎರಡು ಹೊತ್ತೂ ದರ್ಶಿನಿಯಲ್ಲಿ ತಿನ್ನುವ ಮನುಷ್ಯನಿಗೆ ಐದು ಲೀಟರ್ ಕುಕ್ಕರ್ ಯಾಕೆ? ಕಳ್ಳ ನನ್ಮಗ ಅಂತ ಮನಸ್ಸಿನಲ್ಲೇ ಬೈದುಕೊಂಡು ಶಿವಪ್ರಕಾಶ ತೊಟ್ಟಿಲಿನ ಬಳಿ ಹೋದ. ಸಂಚಿಕೆ ಅಲ್ಲೇ ಇತ್ತು. ಪುಸ್ತಕ ನೋಡದೆ ತೊಟ್ಟಿಲಿನ ಕಾಲು ಅಲ್ಲಾಡಿಸಿ ನೋಡಿದ.

‘ತೇಗದ್ದು ಸರ್, ನಮ್ಮಮ್ಮನ ಕಾಲದ್ದು’ ಅಂತ ಶಶಿರೇಖಾ ಬಂದರು. ‘ಯಾರಿಗೆ?’

ಬಾಲರಾಜನ ಕಿವಿ ಈ ಕಡೆಗೇ ಇತ್ತು. ಅಕ್ಕನ ಮಗಳಿಗೆ ಅಂದರೆ ನಂಬಿಕೆ ಸಾಲದು ಅನ್ನಿಸಿ ಶಿವಪ್ರಕಾಶ, ‘ನಮ್ಮ ಮನ್ಯಾಗಿನವ್ರಿಗೆ’ ಅಂದ.

‘ಅಯ್ಯೋ, ಸಂತೋಷ! ಎಷ್ಟು ತಿಂಗಳು?’

‘ಏಳು.’

‘ಮೊದಲನೇದಾ?’

‘ಹೂಂ.’

‘ನಿಮ್ಮ ಹೆಸರು?’

‘ಸುರೇಶ್’ ಅಂದುಬಿಟ್ಟ. ಯಾಕೆ ಸುಳ್ಳು ಹೆಸರು ಹೇಳಿದ ಅಂತ ಅವನಿಗೂ ಗೊತ್ತಿಲ್ಲ. ಅನುಮಾನ ತಲೆಗೆ ಹತ್ತಿದರೆ ಮನುಷ್ಯ ತನ್ನ ಹೆಸರನ್ನೂ ಬಚ್ಚಿಡುತ್ತಾನೆ.

ಶಶಿರೇಖಾ ಅವನನ್ನು ನೋಡಿದ ನೋಟದಲ್ಲಿ ಕರುಣೆಯಿತ್ತು. ಪಾಪ, ತಲೆ ನರೆತ ಮೇಲೆ ಮೊದಲನೇ ಮಗು! ಅವರು ಕೇಳಿದ್ದ ಬೆಲೆಯನ್ನು ತಾವೇ ಇಳಿಸಿದರು. ಶಿವಪ್ರಕಾಶ ರಿವಾಜಿನ ಪ್ರಕಾರ ಕೊನೆಯ ಮಾತು ಆಡಿದ: ‘ತಳದಾಗಿನ ಪೇಪರ್ ಗೀಪರ್ ಹಂಗ ಇರ್ಲಿ ಬಿಡ್ರಿ, ತೆಗಿಯೂದೇನ್ ಬ್ಯಾಡ. ಮೆತ್ತಗಿರ್ತೈತಿ.’

‘ನೀವು ಲಗೇಜ್ ಆಟೋ ಕರ್ಕೊಂಡು ಬನ್ನಿ, ನಾನು ಕಟ್ಟಿಡ್ತೀನಿ’ ಅಂದರು ಶಶಿರೇಖಾ.

ಆಟೋ ಸಿಕ್ಕಿ ಬರುವಷ್ಟರಲ್ಲಿ ತೊಟ್ಟಿಲಿಗೆ ಬೆಡ್‌ಶೀಟ್ ಸುತ್ತಿ ಹಗ್ಗ ಬಿಗಿದಿದ್ದರು. ಮೇಲಿನಿಂದ ಒತ್ತಿ ನೋಡಿದ. ಒಳಗೆ ಗಟ್ಟಿಯಾಗಿ, ಭಾರವಾಗಿ ಏನೋ ಇತ್ತು. ಒಂದಲ್ಲ, ಇಡೀ ಕಟ್ಟೇ ಇದೆ! ಜಗುಲಿಯಲ್ಲಿ ಬಾಲರಾಜ್ ಇರಲಿಲ್ಲ, ಕುಕ್ಕರ್ ಇದ್ದಲ್ಲೇ ಇತ್ತು. ಸೋತು ಹೊರಟುಹೋಗಿದ್ದಾನೆ ಅಂತ ಶಿವಪ್ರಕಾಶನಿಗೆ ಅವನ ಮೇಲೆ ಸ್ವಲ್ಪ ಕನಿಕರವೂ ಹುಟ್ಟಿತು. ದಾರಿಯುದ್ದಕ್ಕೂ ಡ್ರೈವರಿನ ಪಕ್ಕ ಕೂತು ಸಿಳ್ಳೆ ಹಾಕಿದ.

ಮನೆಗಿಂತ ಮೊದಲಿನ ತಿರುವಿನಲ್ಲೇ ಆಟೋ ನಿಲ್ಲಿಸಿ, ಪುಸ್ತಕ ತೆಗೆದು ಅಂಗಿಯೊಳಗೆ ಸಿಕ್ಕಿಸಿ, ತೊಟ್ಟಿಲನ್ನು ಡ್ರೈವರಿಗೇ ದಾನ ಕೊಟ್ಟುಬಿಡಬೇಕು ಅಂತ ಅವನ ಯೋಜನೆ. ಆದರೆ ಆ ತಿರುವಿನಲ್ಲೇ ಮುನಿಆಂಜಿನಪ್ಪ ನಿಂತಿದ್ದರು. ಅವರು ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ! ಕೈ ಅಡ್ಡ ಹಿಡಿದು ಆಟೋ ನಿಲ್ಲಿಸಿ, ಬೆಡ್‌ಶೀಟಿನಿಂದ ಹೊರಗೆ ಚಾಚಿದ್ದ ತೊಟ್ಟಿಲಿನ ಕಾಲನ್ನು ಮುಟ್ಟಿ ನೋಡಿ, ‘ಫ್ಯಾಕ್ಟ್ರಿ ಸ್ಟಾಕಾ ಸ್ವಾಮಿ ಇದು?’ ಅಂದರು. ಆಮೇಲೆ ತಾವೇ ಡ್ರೈವರಿಗೆ ದಾರಿ ತೋರಿಸುತ್ತಾ ಮನೆವರೆಗೂ ಬಂದರು.

ಒಳಗೆ ನ್ಯಾಯ ಕೂಡಿತ್ತು. ದ್ರೌಪದಮ್ಮ ಕುರ್ಚಿಯಲ್ಲಿ, ಭಾಗ್ಯಶ್ರೀ ಗೋಡೆಗೆ ಒರಗಿ. ತೊಟ್ಟಿಲನ್ನು ನಡುಮನೆಯಲ್ಲಿ ಇಳಿಸಿದರು.

‘ಫ್ಯಾಕ್ಟರಿಗೆ ಫೋನ್ ಮಾಡಿದ್ದೆ. ಆಯಿತವಾರ ಬೀಗ ಹಾಕಿರ್ತೈತಂತ’ ಅಂದಳು ಭಾಗ್ಯಶ್ರೀ. ದನಿ ತಣ್ಣಗಿತ್ತು, ಅದೇ ಭಯ.

‘ಭಾಗ್ಯಾ, ಕೇಳಿಲ್ಲೆ...’

‘ಯಾರಿಗ್ರಿ ಈ ತೊಟ್ಲಾ?’

‘ಯಾರಿಗೂ ಅಲ್ಲ!’

‘ಯಾರಿಗೂ ಅಲ್ದೆ ತೊಟ್ಲು ಯಾಕ್ ತತ್ತಾರೆ?’ ಅಂದರು ದ್ರೌಪದಮ್ಮ. ‘ನಮ್ ಸೋದರಮಾವನೂ ಇಂಗೇ ಸುರು ಮಾಡಿದ್ದು. ಮೊದ್ಲು ಭಾನ್ವಾರ ಡೂಟಿ ಅಂದ. ಆಮ್ಯಾಕೆ ನೋಡಿದ್ರೆ ನಾಗಸಂದ್ರದಾಗೆ ಇನ್ನೊಂದು ಮನೆ, ಎಲ್ಡು ಮಕ್ಳು!’

ಭಾಗ್ಯಶ್ರೀಯ ಕಣ್ಣು ತುಂಬಿತು. ಗೆದ್ದಲಿನ ಬೈಗುಳವಾದರೂ ಸರಿ, ಈ ಕಣ್ಣೀರು ಬೇಡ. ಶಿವಪ್ರಕಾಶ ಎಲ್ಲಾ ಹೇಳಿಬಿಟ್ಟ. ಗದಗಿನ ಬಸ್‌ಸ್ಟ್ಯಾಂಡು, ಬಾವಿ, ಬಂಡೆ, ಹನ್ನೆರಡನೇ ಸಂಚಿಕೆ, ರಿವಾಜು, ಒಂದೂ ಬಿಡಲಿಲ್ಲ.

ಭಾಗ್ಯಶ್ರೀ ಕಣ್ಣು ಒರೆಸಿಕೊಂಡಳು. ‘ಪುಸ್ತಕದ ಸಲುವಾಗಿ ತೊಟ್ಲಾ ತಂದ್ರಿ?’

‘ಖರೇನ. ಬೇಕಾದ್ದು ಬೇಕು ಅಂತ ತೋರ್ಸಬಾರ್ದು, ಅದಕ್ಕ.’

‘ಮದಿವಿ ಆದಾಗಿಂದ ಹಂಗ ತೋರ್ಸದ ಇಟ್ಟದ್ದು ಇನ್ನ ಏನೇನೈತ್ರಿ?’

‘ಏನೂ ಇಲ್ಲ. ನನ್ನ ಮ್ಯಾಲ ನಂಬಿಕಿ ಇಲ್ಲಂದ್ರ ನೀನ ನೋಡು!’ ಅಂತ ಶಿವಪ್ರಕಾಶ ಹಗ್ಗ ಬಿಚ್ಚಿ, ಬೆಡ್‌ಶೀಟ್ ಸರಿಸಿದ. ಒಳಗೆ ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಇತ್ತು. ಶಶಿರೇಖಾ ಪುಸ್ತಕವನ್ನು ಎಷ್ಟು ಜೋಪಾನವಾಗಿ ಕಟ್ಟಿದ್ದಾರೆ ಅಂತ ಹೆಮ್ಮೆಯಿಂದ ಎತ್ತಿ ಎಲ್ಲರ ಮುಂದೆ ಬಿಚ್ಚಿದ.

ಗುಂಡುಕಲ್ಲು! ನಾಮಕರಣದ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುತ್ತಾರಲ್ಲ, ಆ ಗುಂಡುಕಲ್ಲು. ಮೈತುಂಬಾ ಅರಿಶಿನ ಕುಂಕುಮ, ತಲೆಗೊಂದು ಪುಟ್ಟ ಕುಲಾವಿ. ಅದರ ಕೆಳಗೆ ಒಂದು ರವಿಕೆ ಕಣ, ಒಂದು ಡಜನ್ ಹಸಿರು ಬಳೆ, ಎರಡು ಬಾಳೆಹಣ್ಣು. ಪುಸ್ತಕ ಹೋಗಲಿ, ಒಂದು ಚೂರು ಪೇಪರೂ ಇರಲಿಲ್ಲ.

‘ಶಿವ ಶಿವಾ!’ ಅಂದರು ದ್ರೌಪದಮ್ಮ. ‘ಬಸುರಿ ಎಂಗಸಿಗೆ ಮಡ್ಲಕ್ಕಿ ಒಂದ್ ಬಿಟ್ಟು ಎಲ್ಲಾ ಐತೆ!’

ಭಾಗ್ಯಶ್ರೀ ದ್ರೌಪದಮ್ಮನ ಫೋನು ತೆಗೆದುಕೊಂಡು, ಗ್ರೂಪಿನಲ್ಲಿದ್ದ ಶಶಿರೇಖಾ ಅವರ ನಂಬರಿಗೆ ಕರೆ ಮಾಡಿ, ಸ್ಪೀಕರ್ ಹಾಕಿದಳು.

‘ಹಲೋ, ಇವತ್ತು ನಿಮ್ಮಲ್ಲಿ ತೊಟ್ಲಾ ತಗೊಂಡ್ರಲ್ಲ, ಅವ್ರ ಮನಿಯಿಂದ ಮಾತಾಡೂದ್ರಿ.’

‘ಓ, ಸುರೇಶ್ ಅವ್ರ ಮನೆಯವ್ರಾ!’ ಅಂತ ಆ ಕಡೆಯಿಂದ ಶಶಿರೇಖಾ ಅವರ ಖುಷಿಯ ದನಿ. ‘ಹೇಗಿದೀರಮ್ಮಾ? ಏಳು ತಿಂಗಳಲ್ವಾ, ಭಾರ ಗೀರ ಎತ್ತಬೇಡಿ. ಪಾಪ, ನಿಮ್ಮ ಯಜಮಾನ್ರಿಗೆ ಎಷ್ಟು ನಾಚಿಕೆ!’

‘ಎಸ್ರೂ ಬೇರೆ ಮಡಿಕ್ಕಂಡವ್ರೆ’ ಅಂದರು ಮುನಿಆಂಜಿನಪ್ಪ, ಸ್ವಲ್ಪ ಮೆಚ್ಚುಗೆಯಿಂದಲೇ.

ಶಿವಪ್ರಕಾಶ ಫೋನಿಗೆ ಬಾಯಿ ಹಚ್ಚಿದ. ‘ಮೇಡಂ, ತಳದಾಗ ಪೇಪರ್ ಇದ್ವಲ್ರಿ? ಇರ್ಲಿ ಅಂದಿದ್ದೆ!’

‘ಅಯ್ಯೋ, ಧೂಳು ಹಿಡಿದಿತ್ತು ಸರ್, ಮಗು ಮಲಗೋ ಜಾಗ. ತೆಗೆದುಬಿಟ್ಟೆ. ಬರೀ ತೊಟ್ಟಿಲು ಕಳಿಸಬಾರದು ಅಂತ ಗುಂಡುಕಲ್ಲು ಇಟ್ಟೆ, ಬಳೆ ಇಟ್ಟೆ.’

‘ತೆಗದು ಎಲ್ಲಿಟ್ರಿ?’

‘ಕುಕ್ಕರ್ ನೋಡ್ತಾ ಇದ್ರಲ್ಲ, ಬಾಲರಾಜ್ ಅಂತ, ಅವ್ರು ನೀವು ಆ ಕಡೆ ಹೋದ ತಕ್ಷಣ ಬಂದು, ಮೇಡಂ, ಆ ಪುಸ್ತಕ ನಂಗೆ ಕೊಡ್ತೀರಾ ಅಂತ ಕೇಳಿದ್ರು. ಕಸ ತಾನೇ, ಸುಮ್ನೆ ಕೊಟ್ಟೆ. ಕುಕ್ಕರನ್ನೂ ಬಿಟ್ಟು ಓಡಿದ್ರು ಪುಣ್ಯಾತ್ಮ.’

ಶಿವಪ್ರಕಾಶ ತೊಟ್ಟಿಲಿನ ಅಂಚು ಹಿಡಿದುಕೊಂಡು ನೆಲಕ್ಕೆ ಕುಸಿದು ಕೂತ. ಹೆಂಡತಿ, ಎದುರುಮನೆಯವರು, ಮಾನ, ಎಲ್ಲಾ ಒಂದು ಕ್ಷಣ ಮರೆತೇಹೋಯಿತು.

‘ಕೊಡೋಕೆ ಮುಂಚೆ ನಾನೂ ಕೊನೇ ಪುಟ ನೋಡ್ದೆ ಅನ್ನಿ’ ಶಶಿರೇಖಾ ನಗುತ್ತಾ ಮುಂದುವರಿಸಿದರು. ‘ಆ ರೆಕ್ಕೆಯವನು ಹಾವಿನ ಬಾವಿಯಿಂದ ಹೇಗೆ ಹೊರಗೆ ಬರ್ತಾನೆ ಗೊತ್ತಾ ಸರ್? ನಂಗಂತೂ ನಗು ತಡೆಯೋಕಾಗ್ಲಿಲ್ಲ. ಅವನು ಏನ್ಮಾಡ್ತಾನೆ ಅಂದ್ರೆ...’

ಭಾಗ್ಯಶ್ರೀ ಫೋನ್ ಕಟ್ ಮಾಡಿದಳು.

‘ಅಯ್ಯಯ್ಯೋ! ಭಾಗ್ಯಾ, ಒಂದ ನಿಮಿಷ, ನಿನ್ನ ಕಾಲಿಗೆ ಬೀಳ್ತೀನಿ, ಮತ್ತ ಹಚ್ಚು!’ ಶಿವಪ್ರಕಾಶ ಕೈ ಚಾಚಿದ. ಆಕೆ ಫೋನನ್ನು ಸೆರಗಿನ ಮರೆಗೆ ಸರಿಸಿ, ಮುಂದಿನ ಬಾಗಿಲಿಗೆ ಚಿಲಕ ಹಾಕಿ ಬಂದಳು.

‘ಅವಾ ಹೆಂಗ್ ಹೊರಗ ಬಂದಾ ಅನ್ನೂದನ್ನ ಆಮ್ಯಾಲ ಕೇಳೂಣು. ಮೊದ್ಲ ನೀವು ಹೆಂಗ್ ಬರ್ತೀರಿ, ಅದನ್ನ ಹೇಳ್ರಿ.’

ದ್ರೌಪದಮ್ಮ ಒಂದು ಬಾಳೆಹಣ್ಣು ಸುಲಿದುಕೊಂಡು, ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.