ಮೇಷ್ಟ್ರು ಆರಿಸಿದ ಲಿನಕ್ಸ್

ಹಳೆಯ ಕಂಪ್ಯೂಟರೊಂದನ್ನು ಮನೆಯ ಸರ್ವರ್ ಮಾಡಿ, ಸಂಸಾರದ ಹದಿನೈದು ವರ್ಷದ ಫೋಟೋಗಳನ್ನೆಲ್ಲ ಅದರಲ್ಲಿಡುತ್ತೇನೆಂದು ಡ್ರಾಯಿಂಗ್ ಮೇಷ್ಟ್ರು ಹೆಂಡತಿಗೆ ಮಾತು ಕೊಟ್ಟು ಮೂರು ತಿಂಗಳಾಗಿತ್ತು. ಮೌಸು ಬೇಡ, ಬಣ್ಣ ಬೇಡ, ಕರಿ ಪರದೆಯ ಮೇಲೆ ಆಜ್ಞೆ ಟೈಪು ಮಾಡಿದರೆ ಸಾಕು. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಬೇಕು ಎನ್ನುವವರೆಗೆ ಎಲ್ಲ ಸರಿಯಿತ್ತು. ಆದರೆ ಲಿನಕ್ಸಿನಲ್ಲಿ ನೂರಾರು ಬಗೆ. ಒಂದು ಪೆನ್ಸಿಲ್ ಆರಿಸಲು ಅರ್ಧ ದಿನ ಕಳೆಯುವ ಮನುಷ್ಯ, ಪಾಪ, ಏನು ಮಾಡಿಯಾನು?

ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೊರಟ ಹೆಂಡತಿ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿದಳು: “ಸಂಜೆ ಆರಕ್ಕೆ ಬರ್ತೀನಿ. ಅಷ್ಟರಲ್ಲಿ ಅದು ಶುರುವಾಗಿರಬೇಕು. ಇಲ್ಲಾಂದ್ರೆ ಗುಜರಿಗೆ ಹಾಕಿ, ಆ ಜಾಗದಲ್ಲಿ ನನ್ನ ಹೊಲಿಗೆ ಮಿಷನ್ ಇಡ್ತೀನಿ.”

ಮೇಷ್ಟ್ರು ಕೊನೆಗೂ ಡೆಬಿಯನ್ ಎಂಬ ಬಗೆಯನ್ನು ಆರಿಸಿ ಹಾಕಲು ಕೂತರು. ಅರ್ಧವಾಗಿತ್ತೋ ಇಲ್ಲವೋ, ಪೇಪರ್ ಕೇಳಲು ಇಳಿದುಬಂದ ಮಹಡಿ ಮನೆಯ ನಿವೃತ್ತ ಎಂಜಿನಿಯರು ಪರದೆ ನೋಡಿ ಹೌಹಾರಿದರು.

“ಡೆಬಿಯನ್ನಾ? ಅಳಿಸಿ. ಫೆಡೋರಾ ಹಾಕಿ. ಹೊಸದಕ್ಕೆ ಹೆದರಬಾರದು ಕಣ್ರೀ.”

ಹಿರಿಯರ ಮಾತು. ಮೇಷ್ಟ್ರು ಅಳಿಸಿದರು. ಮಧ್ಯಾಹ್ನ ಫೆಡೋರಾ ಇನ್ನೇನು ಮುಗಿಯಿತು ಎನ್ನುವಾಗ, ಎದುರು ಮನೆಯ ಗಣಿತದ ಮೇಡಂ ಕೊಡೆ ಹಿಂದಿರುಗಿಸಲು ಬಂದರು.

“ಏನ್ ಸರ್, ರೆಡಿಮೇಡಾ? ಆರ್ಚ್ ಹಾಕಿ. ಒಂದೊಂದು ತುಂಡೂ ನಾವೇ ಜೋಡಿಸ್ಬೇಕು. ಆಗ್ಲೇ ಅರ್ಥ ಆಗೋದು.”

“ನಂಗೆ ಅರ್ಥ ಆಗದಿದ್ರೂ ಪರವಾಗಿಲ್ಲ ಮೇಡಂ, ಆರು ಗಂಟೆಗೆ ನಡೆದ್ರೆ ಸಾಕು.”

ಅಷ್ಟರಲ್ಲಿ ಮೇಡಂ ಕೀಬೋರ್ಡು ಎಳೆದುಕೊಂಡಾಗಿತ್ತು. ಸುದ್ದಿ ತಿಳಿದು ಎಂಜಿನಿಯರು ಮತ್ತೆ ಇಳಿದರು. ಇವರು ಹಾಕಿದ್ದನ್ನು ಅವರು ಅಳಿಸುವುದು, ಅವರು ಹಾಕಿದ್ದನ್ನು ಇವರು. ಮೇಷ್ಟ್ರು ತಮ್ಮ ಮನೆಯಲ್ಲೇ ದೂರದ ನೆಂಟರ ಹಾಗೆ ಬಾಗಿಲ ಬಳಿ ನಿಂತಿದ್ದರು. ನಾಲ್ಕು ಗಂಟೆಗೆ ಇಬ್ಬರೂ ಮುಖ ಊದಿಸಿಕೊಂಡು ಎದ್ದುಹೋದಾಗ ಡಿಸ್ಕ್ ಐದು ಸಲ ಅಳಿಸಿ ಖಾಲಿಯಾಗಿತ್ತು.

ಮೇಷ್ಟ್ರು ಚಿಲಕ ಹಾಕಿಕೊಂಡು ಮತ್ತೆ ಡೆಬಿಯನ್ನನ್ನೇ ಹಾಕಿದರು. ಆರಕ್ಕೆ ಐದು ನಿಮಿಷವಿರುವಾಗ ಕರಿ ಪರದೆಯಲ್ಲಿ ಆಜ್ಞೆಗೆ ಕಾಯುತ್ತ ಬಿಳಿ ಗೆರೆಯೊಂದು ಮಿನುಗತೊಡಗಿತು. ಮದುವೆಯ ದಿನವೂ ಅವರಿಗೆ ಇಷ್ಟು ಖುಷಿಯಾಗಿರಲಿಲ್ಲ. ಈ ಮಾತು ಅವರ ಹೆಂಡತಿಗೆ ತಿಳಿಯುವುದು ಬೇಡ.

ಹೆಂಡತಿ ಒಳಗೆ ಬರುತ್ತಲೇ, “ನಡೀತಿದೆ ನೋಡು. ಫೋನ್ ಕೊಡು, ಫೋಟೋ ಹಾಕ್ತೀನಿ,” ಎಂದರು ಮೇಷ್ಟ್ರು. ಫೋನ್ ತೆರೆದರೆ ಒಂದೇ ಒಂದು ಫೋಟೋ ಇಲ್ಲ. ಮೇಷ್ಟ್ರು ಫೋನನ್ನು ಅವಳತ್ತ ತಿರುಗಿಸಿದರು.

“ಎಲ್ಲಾ ಎಲ್ಲಿಗೆ ಹೋದ್ವು?”

ಹೆಂಡತಿ ಬಟ್ಟೆ ಬೀರುವಿನ ನೆತ್ತಿಯತ್ತ ಕೈ ತೋರಿಸಿದಳು. ಅಲ್ಲಿ ಅವಳ ಹಳೆಯ ಲ್ಯಾಪ್‌ಟಾಪ್ ಹಸಿರು ದೀಪ ಉರಿಸಿಕೊಂಡು ಕೂತಿತ್ತು.

“ಎರಡೂವರೆ ತಿಂಗಳಾಯ್ತು ರೀ. ನೀವು ಆರಿಸ್ತಾ ಇದ್ರಲ್ಲ, ಅಲ್ಲೀವರೆಗೆ ಇರಲಿ ಅಂತ ನಾನೇ ಒಂದು ಸರ್ವರ್ ಮಾಡ್ಕೊಂಡೆ.”

“ಯಾವ ಲಿನಕ್ಸ್ ಹಾಕಿದೆ?”

“ಉಬುಂಟು. ಹುಡುಕಿದಾಗ ಅದೇ ಮೊದಲು ಸಿಕ್ತು. ಯಾಕೆ, ಬೇರೇವೂ ಇದಾವಾ?”

ಮೇಷ್ಟ್ರು ಮೆಲ್ಲಗೆ ನೆಲದ ಮೇಲೆ ಕೂತರು. “ಹಾಗಾದ್ರೆ ಈ ಡಬ್ಬ?”

“ಶುರುವಾಗಿದೆಯಲ್ಲ, ಇರಲಿ. ನನ್ನ ಸರ್ವರಿನ ನಕಲು ಇಡೋಕೆ ಇನ್ನೊಂದು ಬೇಕೇ ಇತ್ತು,” ಎಂದು ಹೆಂಡತಿ ಗಂಡನ ಭುಜ ತಟ್ಟಿದಳು. “ಆದ್ರೆ ಎರಡೂ ಒಂದೇ ಥರ ಇದ್ರೆ ನಂಗೆ ನೋಡ್ಕೊಳ್ಳೋಕೆ ಸುಲಭ. ಇದನ್ನ ಅಳಿಸಿ, ಉಬುಂಟುನೇ ಹಾಕಿಬಿಡಿ.”

ಮೇಷ್ಟ್ರು ಕೀಬೋರ್ಡನ್ನು ಮತ್ತೆ ಹತ್ತಿರಕ್ಕೆಳೆದುಕೊಂಡರು.