ಅಳಿಯನ ವಕಾಲತ್ತು

ಬೆಳಿಗ್ಗೆ ಎದ್ದ ಕೂಡಲೇ ಬಾಲಯೇಸುವಿನ ಮೂರ್ತಿಯ ಮುಂದೆ ಮೇಣದಬತ್ತಿ ಹಚ್ಚಿ, ಆ ದಿನದ ಕೆಲಸವನ್ನೆಲ್ಲ ಒಪ್ಪಿಸದೆ ಫೌಸ್ತಿನೊ ಕಾಫಿ ಮುಟ್ಟಿದವನಲ್ಲ. ಆ ಸೋಮವಾರ ಒಪ್ಪಿಸುವುದು ಸ್ವಲ್ಪ ಉದ್ದವಾಯಿತು.

"ಪ್ರಭುವೇ, ಇವತ್ತು ಅತ್ತೆಯ ಪರವಾಗಿ ವಾದ ಮಾಡ್ತೀನಿ. ಈ ಸಣ್ಣ ದಾವೆಗಳ ಕೋರ್ಟಿಗೆ ವಕೀಲರನ್ನ ಬಿಡೋದಿಲ್ಲ. ಬಿಟ್ಟಿದ್ದರೂ ನನ್ನೆದುರು ನಿಲ್ತಿರಲಿಲ್ಲ, ಅದು ಬೇರೆ ಮಾತು."

"ದೇವರ ಹತ್ತಿರವೂ ಬೊಗಳೆ ಬಿಡ್ತೀರಲ್ರೀ," ಒಣಮೀನು ಹುರಿಯುತ್ತಿದ್ದ ಹೆಂಡತಿ ಲುದಿವಿನಾ ಹೇಳಿದಳು. "ಅಮ್ಮನ ಗಂಟಲು ಕಟ್ಟದೇ ಇದ್ದಿದ್ರೆ ನಿಮ್ಮನ್ನ ಯಾರು ಕಳಿಸ್ತಿದ್ರು? ಹನ್ನೊಂದು ಪುಟ ಬರೆದಿದ್ದೀರಿ. ಕೇಳಬೇಕಾದ್ದು ಒಂದೇ, ಮೆಷಿನ್ನಿನ ದುಡ್ಡು."

ಅತ್ತೆ ಸಾಲುದ್ ಬಟ್ಟೆ ಹೊಲಿದು ಬದುಕುವವಳು. ರಿಪೇರಿಗೆ ಕೊಟ್ಟ ಅವಳ ಹೊಲಿಗೆ ಮೆಷಿನ್ನನ್ನು ರಿಪೇರಿಯವನಾದ ನಿಕನೋರ್ ತನ್ನ ಅಂಗಳದಲ್ಲೇ ಬಿಟ್ಟಿದ್ದ. ಚಂಡಮಾರುತದ ನೀರು ನುಗ್ಗಿ ಅದು ತುಕ್ಕಿನ ಮುದ್ದೆಯಾಗಿತ್ತು. ಶಾಲೆ ಶುರುವಾಗಲು ಮೂರೇ ವಾರ. ಸಮವಸ್ತ್ರ ಹೊಲಿಯದಿದ್ದರೆ ಅವಳ ಆ ವರ್ಷದ ಅಕ್ಕಿಗೆ ದಾರಿಯಿರಲಿಲ್ಲ.

ಕೋರ್ಟಿನಲ್ಲಿ ಫೌಸ್ತಿನೊ ಗಂಟಲು ಸರಿಮಾಡಿಕೊಂಡು ಮೊದಲ ಪುಟ ಎತ್ತಿದ್ದೇ ತಡ, ನಿಕನೋರ್ ಎದ್ದು ನಿಂತ.

"ತಪ್ಪು ನನ್ನದೇ ಅಮ್ಮಾ," ಎಂದು ನ್ಯಾಯಾಧೀಶೆಗೆ ಹೇಳಿ, ಒಂದು ಲಕೋಟೆಯನ್ನು ಫೌಸ್ತಿನೊನ ಮುಂದೆ ಹಿಡಿದ. "ಪೂರ್ತಿ ದುಡ್ಡು ಇದೆ. ತಗೊಳ್ಳಿ ಅಣ್ಣ."

ಹನ್ನೊಂದು ಪುಟದ ಸಿಂಹಗರ್ಜನೆ ಗಂಟಲಲ್ಲೇ ಉಳಿಯಿತು. ಯಾರು ಏನು ಕೊಟ್ಟರೂ ಎರಡು ಸಲ ಬೇಡವೆಂದು, ಮೂರನೆಯದಕ್ಕೆ ಕೈ ಚಾಚುವುದು ಆ ಊರಿನ ಮರ್ಯಾದೆ. ಯಜಮಾನನ ಅಪ್ಪಣೆಗೂ ಕಾಯದೆ ನಾಲಿಗೆ ನುಡಿದೇಬಿಟ್ಟಿತು: "ಅಯ್ಯೋ, ಬೇಡ ಬೇಡ. ಯಾಕೆ ತೊಂದರೆ."

ಗುಮಾಸ್ತೆ ಟಕಟಕನೆ ಟೈಪು ಮಾಡುತ್ತಾ ಓದಿದಳು: "ಅರ್ಜಿದಾರಳ ಕಡೆಯವರು ಹಣ ಬೇಡವೆಂದರು."

ಹಿಂದಿನ ಬೆಂಚಿನಲ್ಲಿ ಲುದಿವಿನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ನ್ಯಾಯಾಧೀಶೆಯೂ ಅದೇ ಊರಿನವಳು. ಪೆನ್ನು ಕೆಳಗಿಟ್ಟು, "ನಿಕನೋರ್, ಇನ್ನೊಂದು ಸಲ ಕೊಡಿ," ಎಂದಳು.

"ತಗೊಳ್ಳಿ ಅಣ್ಣ."

"ಇರಲಿ ಬಿಡಿ, ನಿಮಗೇ ಬೇಕಾಗುತ್ತೆ," ಎಂದಿತು ಆ ಪಾಪಿ ನಾಲಿಗೆ.

"ನನಗಂತೂ ಬೇಕೇ ಬೇಕು," ನಿಕನೋರ್ ಲಕೋಟೆಯನ್ನು ಜೇಬಿಗಿಳಿಸಿದ. "ಎರಡು ಸಲ ಕೊಟ್ಟೆ ಅಮ್ಮಾ. ಎಲ್ಲರೂ ನೋಡಿದ್ದಾರೆ."

ಲುದಿವಿನಾ ಬೆಂಚು ದಾಟಿಕೊಂಡು ಬಂದಳು. "ಅಮ್ಮಾ, ಇವರ ಬಾಯಿ ನಾನು ಹಿಡ್ಕೋತೀನಿ. ಮೂರನೇ ಸಲ ಕೊಡಿಸಿ."

ನ್ಯಾಯಾಧೀಶೆ ಆಗಲಿ ಎಂದು ತಲೆಯಾಡಿಸಿದಳು; ನಿಕನೋರ್ ಲಕೋಟೆಯನ್ನು ಮತ್ತೆ ಹೊರತೆಗೆದ. ಹೆಂಡತಿಯ ಅಂಗೈ ಬಾಯಿಗೆ ಬಿರಡೆಯಾಯಿತು, ಲಕೋಟೆ ಕೈಗೆ ಬಂತು. ಫೌಸ್ತಿನೊ ಬಾಯಿ ಬಿಡಲಿಲ್ಲ, ಹಾಗಾಗಿ ದಾವೆ ಗೆದ್ದ.

ಮರುವಾರ ಹೊಸ ಮೆಷಿನ್ನು ಬಂತು. ಅತ್ತೆ ಚಕ್ರಕ್ಕೆ ಎಣ್ಣೆ ಬಿಟ್ಟು, ಅಳತೆಯ ಪಟ್ಟಿ ಕೈಗೆತ್ತಿಕೊಂಡಳು.

"ನಿನ್ನ ವಾದದಿಂದ ಬಂತಂತಲ್ಲಪ್ಪ ಇದು. ಮೊದಲು ನಿನಗೇ ಒಂದು ಅಂಗಿ ಹೊಲಿದುಕೊಡಲಾ?"

"ಬೇಡ ಅತ್ತೆ, ಯಾಕೆ ತೊಂದರೆ," ಎಂದ ಫೌಸ್ತಿನೊ, ಅಳತೆಗೆಂದು ಎರಡೂ ತೋಳು ಅಗಲಿಸಿ ನಿಂತು.

"ಸರಿ ಹಾಗಾದ್ರೆ," ಎಂದು ಅತ್ತೆ ಶಾಲೆಯ ನೀಲಿ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿದಳು.